ಕುದ್ಮುಲ್ ರಂಗರಾಯರು ತೆರೆದ ಶಾಲೆ

ಕುದ್ಮುಲ್ ರಂಗರಾಯರು 1859ರಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದರು. ಮಂಗಳೂರಿಗೆ ಬಂದು ಮೊದಲು ಶಿಕ್ಷಕರಾದರು, ಆಮೇಲೆ ವಕೀಲರಾದರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಆಗ ಶಾಲೆಯ ಅಂಗಳವೂ ದೂರವೇ. ಇದು ತಪ್ಪೆಂದು ಬಲ್ಲವರು ಊರಿನಲ್ಲಿ ಇನ್ನೂ ಕೆಲವರು ಇದ್ದಿರಬೇಕು. ರಾಯರು ಮಾತ್ರ 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಬಾಡಿಗೆ ಮನೆಯೊಂದನ್ನು ಹಿಡಿದು ಆ ಮಕ್ಕಳಿಗಾಗಿ ಶಾಲೆ ತೆರೆದೇಬಿಟ್ಟರು. ಸ್ವಂತ ಕಟ್ಟಡವಾಗಲಿ, ಜಾತಿಯವರು ಒಪ್ಪಲಿ ಎಂದು ಕಾಯುತ್ತ ಕೂರಲಿಲ್ಲ.

ಜಾತಿಯವರು ಬಹಿಷ್ಕಾರ ಹಾಕಿದರು. ಮೇಲ್ಜಾತಿಯ ಶಿಕ್ಷಕರು ಅಲ್ಲಿ ಪಾಠ ಮಾಡಲು ಒಪ್ಪಲಿಲ್ಲ. ರಾಯರು ಕ್ರೈಸ್ತ ಶಿಕ್ಷಕರನ್ನು ಕರೆತಂದರು.

ಅದಕ್ಕಿಂತ ದೊಡ್ಡ ತೊಡಕು ಹಾಜರಾತಿಯದು. ಮಗು ಶಾಲೆಗೆ ಬಂದರೆ ಮನೆಗೆ ಅದರ ದುಡಿಮೆ ತಪ್ಪುತ್ತಿತ್ತು. ಹಾಗಾಗಿ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ, ಮಧ್ಯಾಹ್ನ ಊಟ ಎಂದು ಗೊತ್ತುಮಾಡಿದರು. (ಅಭ್ಯಾಸ ಬೋಧನೆಗೆ ಹೋದ ನಾವು ಗೈರುಹಾಜರಿಯ ಗುರುತು ಹಾಕಿ ಪಾಠ ಶುರುಮಾಡುತ್ತೇವೆ, ಮಗು ಏಕೆ ಬಂದಿಲ್ಲವೆಂದು ವಿಚಾರಿಸುವುದು ಅಪರೂಪ.)

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಶಾಲೆಗಳ ಜೊತೆಗೆ ಕೈಕಸುಬಿನ ತರಬೇತಿಯೂ ನಡೆಯಿತು.

ಪರರ ಮಕ್ಕಳ ವಿಷಯದಲ್ಲಿ ಧೈರ್ಯವಿದ್ದು ಸ್ವಂತ ಮಗಳ ವಿಷಯದಲ್ಲಿ ಹಿಂಜರಿಯುವ ಸುಧಾರಕರುಂಟು. ರಾಯರು ಹಾಗಲ್ಲ. ಮಗಳು ರಾಧಾಬಾಯಿಯನ್ನು ಓದಿಸಿದರು. ಆಕೆ ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು, 1930ರ ದುಂಡುಮೇಜಿನ ಪರಿಷತ್ತಿಗೂ ಹೋದರು.

ಅದನ್ನು ನೋಡಲು ರಾಯರಿರಲಿಲ್ಲ. ಅವರು ತೀರಿಕೊಂಡದ್ದು 1928ರಲ್ಲಿ. ತಮ್ಮ ಅಂತ್ಯಕ್ರಿಯೆಯನ್ನು ಊರಿನ ಜಾಡಮಾಲಿಗಳೇ ಮಾಡಬೇಕೆಂದು ಮೊದಲೇ ತಿಳಿಸಿಟ್ಟಿದ್ದರು.