ಉಪಕರಣಗಳ ಗುರುತು ಉಳಿಸಿದ ಫರ್ಡಿನಾಂಡ್ ಬೆರ್ತೂ

ಹಳೆಯ ಗಡಿಯಾರ ರಿಪೇರಿಗಾರರ ಪೆಟ್ಟಿಗೆ ತೆರೆದರೆ ವಿಚಿತ್ರ ಉಪಕರಣಗಳು ಕಾಣುತ್ತವೆ. ಅವು ಏತಕ್ಕೆಂದು ಹೇಳಬಲ್ಲವರು ಇಂದು ವಿರಳ. ಆಗ ನೆರವಿಗೆ ಬರುವವರಲ್ಲಿ ಒಬ್ಬರು ಫರ್ಡಿನಾಂಡ್ ಬೆರ್ತೂ.

ಇಂದಿನ ಸ್ವಿಟ್ಜರ್‌ಲೆಂಡಿನಲ್ಲಿ 1727ರಲ್ಲಿ ಹುಟ್ಟಿದ ಬೆರ್ತೂ, ಅಣ್ಣನ ಬಳಿ ಗಡಿಯಾರದ ಕೆಲಸ ಕಲಿತು 1745ರಲ್ಲಿ ಪ್ಯಾರಿಸ್ ಸೇರಿದರು. ಕಸುಬಿನ ಗುಟ್ಟನ್ನು ಯಾರೂ ಸುಲಭವಾಗಿ ಬಿಟ್ಟುಕೊಡದ ಕಾಲವದು. 1763ರಲ್ಲಿ ಅವರು ಲಂಡನ್ನಿಗೆ ಹೋದಾಗ ಜಾನ್ ಹ್ಯಾರಿಸನ್ ತಮ್ಮ ಪ್ರಸಿದ್ಧ ನಾಲ್ಕನೆಯ ಹಡಗಿನ ಗಡಿಯಾರವನ್ನು ತೋರಿಸಲಿಲ್ಲ. ಬೆರ್ತೂ ಮಾತ್ರ ಅದೇ ವರ್ಷ ತಾವು ಕಲಿತದ್ದನ್ನು ಎರಡು ಸಂಪುಟಗಳಲ್ಲಿ ಚಿತ್ರಸಹಿತ ಪ್ರಕಟಿಸಿದರು. ಹಲ್ಲುಚಕ್ರ ಕೊರೆಯುವ ಯಂತ್ರವೂ ಫ್ಯೂಸೀ ಕೊರೆಯುವ ಯಂತ್ರವೂ ಅದರಲ್ಲಿವೆ. ಫ್ಯೂಸೀ ಎಂದರೆ ಬುಗುರಿಯಾಕಾರದ, ಸುರುಳಿ ಗೀರಿನ ಬಿಡಿಭಾಗ. ಸ್ಪ್ರಿಂಗ್ ಸಡಿಲವಾದಂತೆ ಗಡಿಯಾರ ನಿಧಾನವಾಗದಂತೆ ಅದು ಕಾಯುತ್ತಿತ್ತು.

ಫ್ರಾನ್ಸಿನ ನೌಕಾಪಡೆಗೂ ಗಡಿಯಾರ ಮಾಡಿಕೊಟ್ಟ ಬೆರ್ತೂ 1807ರಲ್ಲಿ ತೀರಿಕೊಂಡರು. ಅಂಥ ಹಳೆಯ ಯಂತ್ರ ಸಿಕ್ಕಿದವರು ಅವರ ಚಿತ್ರದೊಡನೆ ಹೋಲಿಸಿ ಇಂದಿಗೂ ಗುರುತು ಹಿಡಿಯಬಹುದು.

ಮಕ್ಕಳೇ, ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ಮನೆಯ ಅಟ್ಟದಲ್ಲಿರುವ ಒಂದೊಂದು ವಸ್ತುವಿನ ಹೆಸರು ಕೇಳಿ, ಚಿತ್ರ ಬಿಡಿಸಿ, ಕನ್ನಡದಲ್ಲೇ ಬರೆದಿಡಿ. ಹೇಳುವವರು ಇದ್ದಾಗಲೇ ಕೇಳಬೇಕು, ಅಲ್ಲವೇ?