ಕಾಳಿ ನದಿಯ ದೋಣಿಯಲ್ಲಿ ರವೀಂದ್ರನಾಥ ಟಾಗೋರ್

ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ ಎಂಬುದು ನಮ್ಮ ಓದುಗರಿಗೆಲ್ಲ ಗೊತ್ತಿರುವ ವಿಷಯ. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗುವವರು, ಯುದ್ಧನೌಕೆಯ ವಸ್ತುಸಂಗ್ರಹಾಲಯ ನೋಡಲು ಬರುವವರು, ಅಂಕೋಲೆಯಿಂದ ಕಚೇರಿ ಕೆಲಸಕ್ಕೆಂದು ಬಂದು ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಮರಳ ಮೇಲೆ ಕೂರುವವರು, ಎಲ್ಲರೂ ಆ ಹೆಸರನ್ನು ಓದಿಯೇ ಇರುತ್ತಾರೆ. ಆದರೆ ಬಂಗಾಳದ ಕವಿಗೂ ನಮ್ಮ ಊರಿಗೂ ಏನು ಸಂಬಂಧ ಎಂದು ಕೇಳಿದರೆ, ನೊಬೆಲ್ ಬಹುಮಾನ ಬಂದ ಮೇಲೆ ಯಾವಾಗಲೋ ಬಂದು ಭಾಷಣ ಮಾಡಿ ಹೋಗಿರಬೇಕು ಎನ್ನುವವರೂ ಇದ್ದಾರೆ. ಅವರು ಬಂದದ್ದು ಹಾಗಲ್ಲ. 1883ರಲ್ಲಿ ಕಾರವಾರಕ್ಕೆ ಬಂದಾಗ ಅವರಿಗೆ 22 ವರ್ಷ. ಕೈಯಲ್ಲಿ ಪದವಿ ಇರಲಿಲ್ಲ, ಉದ್ಯೋಗ ಇರಲಿಲ್ಲ, ಮದುವೆಯೂ ಆಗಿರಲಿಲ್ಲ.

ರವೀಂದ್ರನಾಥರು ಹುಟ್ಟಿದ್ದು 1861ರ ಮೇ 7ರಂದು, ಕಲ್ಕತ್ತೆಯ ಜೋಡಾಸಾಂಕೊದ ದೊಡ್ಡ ಮನೆಯಲ್ಲಿ. ತಂದೆ ದೇವೇಂದ್ರನಾಥರು ಬ್ರಹ್ಮ ಸಮಾಜದ ಮುಂದಾಳು, ಜನ ಮಹರ್ಷಿ ಎಂದೇ ಕರೆಯುತ್ತಿದ್ದರು. ಮನೆ ತುಂಬ ಅಣ್ಣಂದಿರು, ಅತ್ತಿಗೆಯಂದಿರು, ಸಂಗೀತ, ನಾಟಕ. ಇಷ್ಟೆಲ್ಲ ಇದ್ದ ಮನೆಯ ಹುಡುಗನಿಗೆ ಶಾಲೆಯೆಂದರೆ ಮಾತ್ರ ಆಗುತ್ತಿರಲಿಲ್ಲ. ಒಂದು ಶಾಲೆಯಿಂದ ಇನ್ನೊಂದಕ್ಕೆ ಹಾಕಿ ನೋಡಿದರು. ಕೊನೆಗೆ ಸೇರಿಸಿದ್ದು ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಸೇಂಟ್ ಝೇವಿಯರ್ಸ್‌ಗೆ. ಅಲ್ಲಿಯೂ ಓದು ಹತ್ತಲಿಲ್ಲ. ಆದರೆ ಅಲ್ಲಿಯ ಒಬ್ಬ ಗುರುವನ್ನು ಅವರು ಜೀವನವಿಡೀ ಮರೆಯಲಿಲ್ಲ. ಫಾದರ್ ಡಿ ಪೆನೆರಾಂಡ ಎಂಬ ಸ್ಪೇನ್ ದೇಶದ ಈ ಸ್ವಾಮಿಗಳು ಬೇರೊಬ್ಬ ಶಿಕ್ಷಕರ ಬದಲಿಗೆ ಕೆಲವು ದಿನ ಪಾಠಕ್ಕೆ ಬಂದಿದ್ದರು. ಅವರ ಇಂಗ್ಲಿಷ್ ತೊಡರುತ್ತಿತ್ತು, ಹುಡುಗರು ಲಕ್ಷ್ಯ ಕೊಡುತ್ತಿರಲಿಲ್ಲ. ಒಂದು ದಿನ ಬರವಣಿಗೆಯ ಹೊತ್ತಿನಲ್ಲಿ ರವೀಂದ್ರ ಲೇಖನಿ ಹಿಡಿದು ಏನೂ ಬರೆಯದೆ ಎಲ್ಲೋ ಮನಸ್ಸಿಟ್ಟು ಕುಳಿತಿದ್ದ. ಬೆಂಚುಗಳ ಹಿಂದೆ ತಿರುಗುತ್ತಿದ್ದ ಗುರುಗಳು ಅದನ್ನು ಕಂಡರು. ಗದರಿಸಲಿಲ್ಲ. ಬಾಗಿ, ಹೆಗಲ ಮೇಲೆ ಕೈಯಿಟ್ಟು, ಮೈ ಸರಿಯಿಲ್ಲವೇ ಎಂದು ಮೆಲ್ಲನೆ ವಿಚಾರಿಸಿದರು. ಅಷ್ಟೇ. ನಮ್ಮ ಶಾಲೆಗಳ ಗುರುಗಳೂ ಧರ್ಮಭಗಿನಿಯರೂ ಈ ಪ್ರಸಂಗವನ್ನು ಓದಿಕೊಳ್ಳಲಿ ಎಂದು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆದಿದ್ದೇವೆ.

1878ರಲ್ಲಿ ಕಾನೂನು ಓದಲೆಂದು ಇಂಗ್ಲೆಂಡಿಗೆ ಕಳುಹಿಸಿದರು. 1880ರಲ್ಲಿ ಪದವಿಯಿಲ್ಲದೆ ಮರಳಿದರು. ಪದ್ಯದ ಪುಸ್ತಕಗಳು ಅಚ್ಚಾಗುತ್ತಿದ್ದವು, ನಿಜ. ಆದರೆ ಜಮೀನ್ದಾರರ ಮನೆಯ ಕೊನೆಯ ಮಗ ಮುಂದೆ ಏನಾಗುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ.

ಅವರನ್ನು ಕಾರವಾರಕ್ಕೆ ಕರೆತಂದದ್ದು ಅಣ್ಣನ ನೌಕರಿ. ಅಣ್ಣ ಸತ್ಯೇಂದ್ರನಾಥರು ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯ. 1863ರಲ್ಲಿ ತೇರ್ಗಡೆಯಾಗಿ ಮುಂಬಯಿ ಪ್ರಾಂತ್ಯದ ಸೇವೆಗೆ ಸೇರಿದವರು. ನಮ್ಮ ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸದೆ ಹೋಗಿದ್ದರೆ ಅವರಿಗೆ ಇಲ್ಲಿ ಕೆಲಸವೇ ಬೀಳುತ್ತಿರಲಿಲ್ಲ, ಕಡಲತೀರಕ್ಕೆ ಬೇರೆ ಯಾರ ಹೆಸರೋ ಇರುತ್ತಿತ್ತು. ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರು. ಅವರ ಪತ್ನಿ ಜ್ಞಾನದಾನಂದಿನಿ ದೇವಿಯವರನ್ನೂ ಇಲ್ಲಿ ನೆನೆಯಬೇಕು. ಬಂಗಾಳದ ಹೆಂಗಸರು ನೆರಿಗೆ ಹಿಡಿದು, ರವಿಕೆ ತೊಟ್ಟು ಸೀರೆ ಉಡುವ ಈಗಿನ ರೀತಿಗೆ ಅವರೇ ದಾರಿ ಹಾಕಿದವರು. ರವೀಂದ್ರನಾಥರ ಜೊತೆಗೆ ಇನ್ನೊಬ್ಬ ಅಣ್ಣ ಜ್ಯೋತಿರಿಂದ್ರನಾಥರೂ ಅವರ ಪತ್ನಿ ಕಾದಂಬರಿ ದೇವಿಯವರೂ ಬಂದರು.

ಆಗಿನ ಕಾರವಾರಕ್ಕೆ ರೈಲಿಲ್ಲ, ಕಾಳಿ ನದಿಗೆ ಸೇತುವೆಯಿಲ್ಲ. ಹೊರಗಿನವರು ಬರುವುದು ಸಮುದ್ರದ ದಾರಿಯಲ್ಲಿ, ಆಚೆ ದಡದ ಸದಾಶಿವಗಡಕ್ಕೆ ಹೋಗಬೇಕಾದರೆ ದೋಣಿಯೇ ಗತಿ. ಗುಡ್ಡಗಳ ನಡುವೆ ಅರ್ಧಚಂದ್ರದಂತೆ ಬಾಗಿದ ದಂಡೆ, ಅದರ ಅಂಚಿಗೆ ಗಾಳಿಮರಗಳ ತೋಪು, ಒಂದು ತುದಿಯಲ್ಲಿ ಗುಡ್ಡಗಳನ್ನು ಸೀಳಿಕೊಂಡು ಬಂದು ಕಡಲು ಸೇರುವ ಕಾಳಿ. ಸಂಸ್ಕೃತ ಕಾವ್ಯಗಳಲ್ಲಿ ಏಲಕ್ಕಿ ಮತ್ತು ಚಂದನದ ತವರೆಂದು ಹೊಗಳಿಸಿಕೊಂಡ ಮಲಯ ಪರ್ವತದ ನಾಡು ಇದೇ ಎಂದು ಆ ತರುಣನಿಗೆ ಹಿಗ್ಗು. ಅಂಕೋಲೆಯಿಂದ ಅವರ್ಸಾ, ಹಾರವಾಡ, ಅಮದಳ್ಳಿ, ಬಿಣಗಾ ದಾಟಿ ದಿನವೂ ಬರುವ ನಮ್ಮವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ಕಲ್ಕತ್ತೆಯ ಗಲ್ಲಿಯಿಂದ ಬಂದವರಿಗೆ ಕಂಡಿತು.

ಒಂದು ಬೆಳದಿಂಗಳ ಸಂಜೆ ಮನೆಯವರೆಲ್ಲ ಸಣ್ಣ ದೋಣಿಯಲ್ಲಿ ಕಾಳಿಯಲ್ಲಿ ಮೇಲಕ್ಕೆ ಹೊರಟರು. ದಾರಿಯಲ್ಲಿ ಗುಡ್ಡದ ಹಳೆಯ ಕೋಟೆಯ ಬಳಿ ದೋಣಿ ನಿಲ್ಲಿಸಿ ಇಳಿದರು. ಅಲ್ಲೊಬ್ಬ ರೈತನ ಮನೆ. ಚೊಕ್ಕಟವಾಗಿ ಗುಡಿಸಿದ ಅಂಗಳದಲ್ಲಿ, ಬೆಳದಿಂಗಳು ಬಿದ್ದ ಜಾಗ ನೋಡಿ ಕುಳಿತು, ತಾವು ಕಟ್ಟಿಕೊಂಡು ಬಂದ ತಿಂಡಿ ತಿಂದರು. ನ್ಯಾಯಾಧೀಶರ ಮನೆಯವರು ಮುನ್ಸೂಚನೆಯಿಲ್ಲದೆ ಅಂಗಳಕ್ಕೆ ಬಂದಾಗ ಆ ಮನೆಯವರಿಗೆ ಏನನ್ನಿಸಿತೋ ಎಂದು ನಮಗೆ ಕುತೂಹಲ. ಮರಳುವಾಗ ದೋಣಿಯನ್ನು ನೀರಿನ ಸೆಳೆತಕ್ಕೆ ಬಿಟ್ಟುಕೊಟ್ಟರು. ಅಳಿವೆ ಮುಟ್ಟುವಾಗ ಬಹಳ ಹೊತ್ತಾಗಿತ್ತು. ಅಲ್ಲಿಂದ ದೋಣಿ ಬಿಟ್ಟು ಮರಳ ಮೇಲೆ ನಡೆದೇ ಮನೆಗೆ ಹೋದರು. ಕಡಲಿನಲ್ಲಿ ಅಲೆಯಿಲ್ಲ, ಗಾಳಿಮರಗಳಲ್ಲಿ ಸದ್ದಿಲ್ಲ, ಯಾರ ಬಾಯಲ್ಲೂ ಮಾತಿಲ್ಲ. ಮನೆಗೆ ಬಂದ ಮೇಲೆ ರವೀಂದ್ರನಾಥರಿಗೆ ನಿದ್ದೆ ಬರಲಿಲ್ಲ. ಆ ರಾತ್ರಿಯೇ ಒಂದು ಕವಿತೆ ಬರೆದರು.

ಕೋಟೆಯ ಬಗ್ಗೆ ಒಂದು ಮಾತು. ಅದು ಶಿವಾಜಿಯ ಕೋಟೆ ಎಂದು ಟಾಗೋರರು ಬರೆದಿದ್ದಾರೆ. ಶಿವಾಜಿ ಮಹಾರಾಜರು 1665ರಲ್ಲಿ ಕಾರವಾರಕ್ಕೆ ಬಂದು ಇಂಗ್ಲಿಷ್ ವ್ಯಾಪಾರಿಗಳಿಂದ ಹಣ ವಸೂಲಿ ಮಾಡಿದ್ದು ಹೌದು, 1675ರ ಹೊತ್ತಿಗೆ ಅಂಕೋಲೆ, ಕಾರವಾರಗಳೆರಡೂ ಅವರ ವಶವಾದದ್ದೂ ಹೌದು. ಆದರೆ ಸದಾಶಿವಗಡವನ್ನು ಕಟ್ಟಿಸಿದವನು ಸೋಂದೆಯ ಅರಸ, ಹೆಸರು ಅವನ ತಂದೆಯದು. ಕವಿಗೆ ಈ ಲೆಕ್ಕಗಳು ಬೇಕಿರಲಿಲ್ಲ. ಅವರ ಕಾರವಾರದ ಬರಹದಲ್ಲಿ ಕೋಟೆಗಿಂತ ಆ ಗುಡಿಸಿದ ಅಂಗಳಕ್ಕೇ ಹೆಚ್ಚು ಬೆಳಕು.

ಈ ಅಂಗಳವೇ ಮುಖ್ಯ ಎನ್ನಲು ಕಾರಣವಿದೆ. ಕಾರವಾರದಲ್ಲಿ ಅವರು ಒಂದು ನಾಟಕ ಬರೆದರು, ಪ್ರಕೃತಿರ್ ಪ್ರತಿಶೋಧ್. ಪ್ರಕೃತಿಯ ಸೇಡು ಎಂದು ಅರ್ಥ. ಅದರ ನಾಯಕ ಒಬ್ಬ ಸಂನ್ಯಾಸಿ. ಗುಹೆಯಲ್ಲಿ ಕುಳಿತು ಸಂಸಾರದ ಎಲ್ಲ ನಂಟನ್ನೂ ಕಡಿದುಕೊಂಡೆ, ಗೆದ್ದೆ ಎಂದು ಹೊರಗೆ ಬರುತ್ತಾನೆ. ದಾರಿಯಲ್ಲಿ ಒಬ್ಬಳು ಅನಾಥ ಹುಡುಗಿ. ಊರವರು ಮುಟ್ಟದ, ಮನೆಯೊಳಗೆ ಸೇರಿಸದ ಮಗು. ಅವಳು ಇವನನ್ನು ತಂದೆಯೆಂದು ಹಚ್ಚಿಕೊಳ್ಳುತ್ತಾಳೆ. ಸಂನ್ಯಾಸಿಗೆ ಭಯ. ಎಲ್ಲಿ ಮತ್ತೆ ನಂಟು ಸುತ್ತಿಕೊಳ್ಳುತ್ತದೋ ಎಂದು ಅವಳನ್ನು ಬಿಟ್ಟು ಓಡುತ್ತಾನೆ. ಮನಸ್ಸು ಓಡಗೊಡುವುದಿಲ್ಲ. ದಂಡ ಕಮಂಡಲು ಎಸೆದು ಅವಳನ್ನು ಹುಡುಕುತ್ತ ಮರಳಿ ಬರುವಾಗ ಹುಡುಗಿ ಸತ್ತಿರುತ್ತಾಳೆ.

ಇಪ್ಪತ್ತೆರಡರ ತರುಣನ ನಾಟಕ, ಅಲ್ಲಲ್ಲಿ ಮಾತು ಉದ್ದವಾಗಿದೆ ಎಂದೇ ನಮ್ಮ ಅಭಿಪ್ರಾಯ. ಆದರೂ ಸಂನ್ಯಾಸ ದೀಕ್ಷೆ ಪಡೆದ ನಮ್ಮಂಥವರು ಅದನ್ನು ಓದಿ ಸುಮ್ಮನೆ ಮುಚ್ಚಿಡುವಂತಿಲ್ಲ. ದೇವರಿಗಾಗಿ ಜನರನ್ನು ಬಿಟ್ಟೆನೋ, ಜನರ ಕಾಟ ತಪ್ಪಿತೆಂದು ದೇವರ ಹೆಸರು ಹೇಳಿದೆನೋ ಎಂದು ಅದು ಕೇಳುತ್ತದೆ. ಐವತ್ತರ ಹೊತ್ತಿಗೆ ಬರೆದು 1912ರಲ್ಲಿ ಪುಸ್ತಕವಾದ ಜೀವನಸ್ಮೃತಿಯಲ್ಲಿ ಟಾಗೋರರು, ತಮ್ಮ ಮುಂದಿನ ಎಲ್ಲ ಬರವಣಿಗೆಗೂ ಈ ನಾಟಕವೇ ಪೀಠಿಕೆ ಎಂಬಂತೆ ಹೇಳಿಕೊಂಡಿದ್ದಾರೆ. ಮೇರೆಯುಳ್ಳದ್ದರಲ್ಲೇ ಮೇರೆಯಿಲ್ಲದ್ದನ್ನು ಕಾಣುವುದು, ಅದೇ ತಮ್ಮ ಜೀವನದ ಏಕೈಕ ವಿಷಯ ಎಂಬುದು ಅವರ ಮಾತಿನ ಸಾರ. ಅದು ಶುರುವಾದದ್ದು ನಮ್ಮ ಊರಿನಲ್ಲಿ.

ಕಾರವಾರದಿಂದ ಮರಳಿದ ಕೆಲವೇ ದಿನಗಳಲ್ಲಿ, 1883ರ ಡಿಸೆಂಬರ್ 9ರಂದು, ಮೃಣಾಲಿನಿ ದೇವಿಯವರೊಡನೆ ಮದುವೆಯಾಯಿತು. ನಾಲ್ಕು ತಿಂಗಳು ಕಳೆಯುತ್ತಲೇ, 1884ರ ಏಪ್ರಿಲ್‌ನಲ್ಲಿ, ಅತ್ತಿಗೆ ಕಾದಂಬರಿ ದೇವಿಯವರು ತೀರಿಕೊಂಡರು. ಆತ್ಮಹತ್ಯೆ. ತಾಯಿಯಿಲ್ಲದ ಹುಡುಗನಿಗೆ ಒಡನಾಡಿಯಾಗಿ, ಕವಿತೆಯ ಮೊದಲ ಓದುಗಳಾಗಿ ಇದ್ದವರು. ನಾಟಕದಲ್ಲಿ ತಾವೇ ಬರೆದಿದ್ದ ಸಂನ್ಯಾಸಿಯ ದುಃಖ ಅದು ಪುಸ್ತಕವಾಗಿ ಬಂದ ವರ್ಷವೇ ಅವರ ಮನೆಗೂ ಬಂತು.

ಮುಂದಿನದು ಲೋಕಕ್ಕೆ ತಿಳಿದದ್ದೇ. 1901ರಲ್ಲಿ ಶಾಂತಿನಿಕೇತನದ ಶಾಲೆ. ಅದರ ಆರಂಭದಲ್ಲಿ ಕೈಜೋಡಿಸಿದವರು ಕಥೋಲಿಕ ದೀಕ್ಷೆ ಪಡೆದಿದ್ದ ಬ್ರಹ್ಮಬಾಂಧವ ಉಪಾಧ್ಯಾಯರು. ಟಾಗೋರರನ್ನು ವಿಶ್ವಕವಿ ಎಂದು 1900ರಷ್ಟು ಮೊದಲೇ ತಮ್ಮ ಪತ್ರಿಕೆಯಲ್ಲಿ ಗುರುತಿಸಿದವರೂ ಅವರೇ. 1902ರಲ್ಲಿ ಪತ್ನಿ, ಮರುವರ್ಷ ಒಬ್ಬ ಮಗಳು, 1907ರಲ್ಲಿ ಕಿರಿಯ ಮಗ ತೀರಿಕೊಂಡರು. 1913ರಲ್ಲಿ ನೊಬೆಲ್. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಜನರನ್ನು ಕೊಂದ ಸರಕಾರಕ್ಕೆ ಅದು ಕೊಟ್ಟ ಸರ್ ಪದವಿಯನ್ನು ಹಿಂದಿರುಗಿಸಿದರು. ಹನ್ನೊಂದು ವರ್ಷಗಳ ನಂತರ ಅದೇ ಏಪ್ರಿಲ್ 13ರಂದು ನಮ್ಮ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. 1941ರ ಆಗಸ್ಟ್ 7ರಂದು, ಹುಟ್ಟಿದ ಮನೆಯಲ್ಲೇ, ಅವರು ಕಣ್ಣುಮುಚ್ಚಿದರು.

ಅವರು ಹೋದ ದಾರಿಯಲ್ಲಿ ಹೋಗಬೇಕೆನ್ನುವವರಿಗೆ ಈಗಲೂ ಅಡ್ಡಿಯಿಲ್ಲ. ಕಾಳಿಗೆ 1983ರಲ್ಲಿ ಕಟ್ಟಿದ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕಳಚಿ ನದಿಗೆ ಬಿದ್ದಿತು. ಪಕ್ಕದ ಹೊಸ ಸೇತುವೆಯ ಮೇಲಿಂದ ಕೋಟೆಯ ಗುಡ್ಡ ಕಾಣುತ್ತದೆ, ಹೆದ್ದಾರಿ ಅದರ ಮೈಯನ್ನೇ ಕೊರೆದು ಹೋಗಿದೆ. ಹುಣ್ಣಿಮೆಯ ಸಂಜೆ ಕೋಡಿಬಾಗದ ಅಳಿವೆಯ ಕಡೆಯಿಂದ ದಂಡೆಗುಂಟ ಊರಿನತ್ತ ನಡೆಯಬಹುದು. ಇಳಿತದ ಹೊತ್ತು ಯಾವುದೆಂದು ಮೀನುಗಾರರನ್ನು ಕೇಳಿಕೊಂಡು ಹೊರಡಿ.