ದೀಪ ಹಿಡಿದಾಕೆಗೂ ಮನೆಯಲ್ಲಿ ವಿರೋಧವಿತ್ತು!

ಪಿಯುಸಿ ಮುಗಿಸಿದ ಮಗಳು ನರ್ಸಿಂಗ್ ಓದ್ತೀನಿ ಅಂದ್ರೆ ನಿಮ್ಮ ಮನೆಯಲ್ಲಿ ಏನಾಗುತ್ತದೆ? ಅಜ್ಜಿ ಮುಖ ಸಿಂಡರಿಸುತ್ತಾರೆ. ನೈಟ್ ಡ್ಯೂಟಿ ಮಾಡೋ ಹುಡುಗಿಗೆ ಗಂಡು ಸಿಗೋದು ಕಷ್ಟ ಅಂತ ಚಿಕ್ಕಪ್ಪ ರಾಗ ಎಳೆಯುತ್ತಾರೆ. ಮಧ್ಯೆ ಸಿಕ್ಕಿ ಒದ್ದಾಡುವವರು ನೀವು. ಹಾಗಾದರೆ ಫ್ಲಾರೆನ್ಸ್ ನೈಟಿಂಗೇಲ್ ಬದುಕನ್ನು ಒಮ್ಮೆ ನೋಡಿ. ನಾವೆಲ್ಲ ಶಾಲೆಯಲ್ಲಿ ಕಂಡಿದ್ದು ದೀಪ ಹಿಡಿದ ಚಿತ್ರ ಮಾತ್ರ. ಅದಕ್ಕೂ ಮೊದಲು ಆಕೆ ಮನೆಯೊಳಗೇ ದೊಡ್ಡ ಹೋರಾಟ ಮಾಡಿದ್ದಳು.

ಆಕೆ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್‌ನಲ್ಲಿ. ಊರಿನ ಹೆಸರನ್ನೇ ಮಗುವಿಗಿಟ್ಟರು. ಇಂಗ್ಲೆಂಡಿನ ಸಿರಿವಂತ ಮನೆತನ. ಇಬ್ಬರು ಹೆಣ್ಣುಮಕ್ಕಳಿಗೂ ತಂದೆಯೇ ಕೂತು ಪಾಠ ಹೇಳಿದರು. ಚಿಕ್ಕವಳಿಗೆ ಲೆಕ್ಕ ಅಂದ್ರೆ ಪ್ರಾಣ. 1845ರಲ್ಲಿ ಆಸ್ಪತ್ರೆಗೆ ಹೋಗಿ ಶುಶ್ರೂಷೆ ಕಲೀತೀನಿ ಎಂದಾಗ ಮನೆಯಲ್ಲಿ ರಂಪವೋ ರಂಪ. ಆಗ ಅಲ್ಲಿ ಆಸ್ಪತ್ರೆ ಕೆಲಸದ ಹೆಂಗಸರೆಂದರೆ ಕುಡುಕಿಯರು, ಗತಿಯಿಲ್ಲದವರು ಎಂಬ ಹಣೆಪಟ್ಟಿ. ತಾಯಿ, ಅಕ್ಕ ಸುತರಾಂ ಒಪ್ಪಲಿಲ್ಲ.

ಫ್ಲಾರೆನ್ಸ್ ಮನೆ ಬಿಟ್ಟು ಓಡಲಿಲ್ಲ, ಆಸೆಯನ್ನೂ ಬಿಡಲಿಲ್ಲ. ಬೆಳಗಿನ ಜಾವ ಎದ್ದು ಆಸ್ಪತ್ರೆಗಳ ವರದಿ ಓದುತ್ತಿದ್ದಳು. 1849ರಲ್ಲಿ, ತನಗೂ ಇಷ್ಟವಿದ್ದ ಒಳ್ಳೆಯ ಸಂಬಂಧವನ್ನೇ ಬೇಡವೆಂದಳು. ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ಥ್‌ನಲ್ಲಿ ಮೂರು ತಿಂಗಳು ತರಬೇತಿ ಪಡೆದಾಗ ಆಕೆಗೆ 31 ವರ್ಷ. 1853ರಲ್ಲಿ ಲಂಡನ್ನಿನ ಪುಟ್ಟ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದಳು. ಸಂಬಳವಿಲ್ಲ. ಆಗ ಕೈಹಿಡಿದವರು ತಂದೆ. ವರ್ಷಕ್ಕೆ 500 ಪೌಂಡ್ ಗೊತ್ತುಮಾಡಿಕೊಟ್ಟರು.

ಮರುವರ್ಷವೇ ಕ್ರಿಮಿಯಾ ಯುದ್ಧ. 38 ದಾದಿಯರೊಂದಿಗೆ ಟರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದಳು. ನೆಲದ ಮೇಲೆಲ್ಲ ಗಾಯಾಳುಗಳು, ಹೇನು, ಇಲಿ, ತುಂಬಿ ನಾರುವ ಚರಂಡಿ. ಅಡುಗೆಮನೆ, ಬಟ್ಟೆ ಒಗೆಯುವ ವ್ಯವಸ್ಥೆ, ಶುಚಿ ಎಲ್ಲದಕ್ಕೂ ಕೈಹಾಕಿದಳು. ಆದರೂ 1855ರ ಫೆಬ್ರವರಿಯಲ್ಲಿ ಸಾವು ಶೇ 42ಕ್ಕೇರಿತು. ಸರ್ಕಾರದ ನೈರ್ಮಲ್ಯ ತಂಡ ಬಂದು ಚರಂಡಿ ಶುದ್ಧ ಮಾಡಿದ ಮೇಲೆ, ಕೆಲವೇ ತಿಂಗಳಲ್ಲಿ ಅದು ಶೇ 2ಕ್ಕೆ ಇಳಿಯಿತು. 1856ರಲ್ಲಿ ಊರಿಗೆ ಮರಳಿ ಅಂಕಿಅಂಶ ಹರವಿ ಕೂತಾಗ ಆಕೆಗೆ ಸತ್ಯ ಹೊಳೆಯಿತು. ಗಾಯಕ್ಕಿಂತ ಕೊಳಕಿನಿಂದ ಬಂದ ಕಾಯಿಲೆಗೇ ಹೆಚ್ಚು ಸೈನಿಕರು ಬಲಿಯಾಗಿದ್ದರು. ಅದನ್ನು ಬಣ್ಣದ ನಕ್ಷೆ ಬರೆದು ಸರ್ಕಾರಕ್ಕೆ ತೋರಿಸಿದಳು.

ಆಮೇಲಿನ ವರ್ಷಗಳಲ್ಲಿ ಕಾಯಿಲೆಯಿಂದ ಹಾಸಿಗೆ ಹಿಡಿದರೂ ಕೆಲಸ ನಿಲ್ಲಲಿಲ್ಲ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ನರ್ಸಿಂಗ್ ಶಾಲೆ ಶುರುವಾಯಿತು. ಭಾರತಕ್ಕೆ ಒಮ್ಮೆಯೂ ಬರದಿದ್ದರೂ ಇಲ್ಲಿನ ನೀರು, ನೈರ್ಮಲ್ಯದ ಬಗ್ಗೆ ದಶಕಗಳ ಕಾಲ ಬರೆದಳು. 1910ರ ಆಗಸ್ಟ್ 13ರಂದು, 90ರ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಹುಟ್ಟುಹಬ್ಬವೇ ಇಂದು ವಿಶ್ವ ದಾದಿಯರ ದಿನ.

ಈಗ ನಿಮ್ಮ ಮಗಳ ವಿಷಯಕ್ಕೆ ಬರೋಣ. ಆಕೆಗೆ ಫ್ಲಾರೆನ್ಸಳಂತೆ ವರ್ಷಗಟ್ಟಲೆ ಕಾಯಬೇಕಾದ ಗತಿ ಬೇಡ. ಜಿಎನ್‌ಎಂ ಮೂರು ವರ್ಷದ ಕೋರ್ಸು, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಬಿ.ಎಸ್ಸಿ.ಗೆ ಪಿಯುಸಿಯಲ್ಲಿ ವಿಜ್ಞಾನ ಬೇಕು. ಜಿಎನ್‌ಎಂ ಮುಗಿಸಿದವರು ಇನ್ನೆರಡು ವರ್ಷ ಓದಿ ಪದವಿ ಪಡೆಯಬಹುದು. ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಕಾಲೇಜೂ ಇದೆ, ದೊಡ್ಡ ಆಸ್ಪತ್ರೆಗಳೂ ಇವೆ. ಐಸಿಯು, ಡಯಾಲಿಸಿಸ್, ಹೆರಿಗೆ ವಾರ್ಡು, ಸರ್ಕಾರಿ ಆಸ್ಪತ್ರೆ, ಬೋಧನೆ ಹೀಗೆ ದಾರಿ ಹಲವು.

ಸೇರಿಸುವ ಮುನ್ನ ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ವಿಚಾರಿಸಿ. ತರಬೇತಿ ನಡೆಯುವ ಆಸ್ಪತ್ರೆಯನ್ನು ಕಣ್ಣಾರೆ ನೋಡಿ. ಕೆಲಸಕ್ಕೆ ಸೇರುವಾಗ ಸಂಬಳದ ಜೊತೆಗೆ ರಾತ್ರಿ ಪಾಳಿಯ ವಾಹನ, ಹಾಸ್ಟೆಲ್ ಬಗ್ಗೆ ಕೇಳಿ. ಬಾಂಡ್ ಇದ್ದರೆ ಪೂರ್ತಿ ಓದದೆ ಸಹಿ ಹಾಕಿಸಬೇಡಿ. ಮೂಲ ಅಂಕಪಟ್ಟಿ ಯಾರ ಕೈಗೂ ಒಪ್ಪಿಸಿ ಬರಬೇಡಿ.

ಅಜ್ಜಿ, ಚಿಕ್ಕಪ್ಪನಿಗೆ ನಿಧಾನವಾಗಿ ತಿಳಿಹೇಳಬಹುದು. ಮೊದಲು ನೀವು ಮಗಳ ಪಕ್ಕ ನಿಲ್ಲಿ.